ತಾತನ ಮನೆ ಒಡೆಯೋದಾ, ಉಳಿಸಿ ಬಾಡಿಗೆಗೆ ಕೊಡೋದಾ? ಹಳೇ ಕಟ್ಟಡ ರಿಪೇರಿ ಮಾಡಿಸಿದವರು ಹೇಳಿ

ಗವಿಪುರದ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಕಾಫಿ ಹಿಡಿದುಕೊಂಡು ಓದಿ.

ಬಸವನಗುಡಿಯಲ್ಲಿ ನಮ್ಮ ತಾತ ಕಟ್ಟಿಸಿದ ಮನೆ ಇದೆ. ಮುಂಬಾಗಿಲ ಮೇಲೆ ಗಾರೆಯಲ್ಲಿ 1936 ಅಂತ ಬರೆದಿದೆ. ಕೆಳಗೆ ಜಗಲಿ, ಹಜಾರ, ನಾಲ್ಕು ಕೋಣೆ, ಹಿಂದೆ ಅಡುಗೆಮನೆ, ಹಂಡೆ ಒಲೆ ಇದ್ದ ಬಚ್ಚಲು. ಮೇಲೆ ಎರಡು ಕೋಣೆ. ಮುಂದಿನ ಭಾಗ ಮದ್ರಾಸ್ ತಾರಸಿ, ಹಿಂದಿನದು ಮಂಗಳೂರು ಹೆಂಚು. ನೆಲ ಪೂರ್ತಿ ರೆಡ್ ಆಕ್ಸೈಡ್. ಅಜ್ಜಿ ಕೂತು ಹೂ ಕಟ್ಟುತ್ತಿದ್ದ ಜಾಗಕ್ಕೆ ಇವತ್ತಿಗೂ ಬೇರೆಯೇ ಹೊಳಪು. ಅಜ್ಜಿ ಹೋಗಿ ಎರಡು ವರ್ಷ. ಅವತ್ತಿನಿಂದ ಮನೆಗೆ ಬೀಗ.

ಪಾಲುದಾರರು ಮೂವರು. ನಮ್ಮಪ್ಪ, ಚಿಕ್ಕಪ್ಪ, ಮೈಸೂರಿನ ಅತ್ತೆ. ಚಿಕ್ಕಪ್ಪನ ಹತ್ತಿರ ಆಗಲೇ ಇಬ್ಬರು ಬಿಲ್ಡರ್‌ಗಳು ಬಂದು ಹೋಗಿದ್ದಾರೆ. ಅಪ್ಪನಿಗೆ ಒಡೆಯೋಕೆ ಮನಸ್ಸಿಲ್ಲ, ಹಾಗಂತ ದುಡ್ಡು ಹಾಕೋಕೂ ಮನಸ್ಸಿಲ್ಲ. ಅತ್ತೆ "ನೀವಿಬ್ಬರೂ ಏನು ಹೇಳ್ತೀರೋ ಅದಕ್ಕೆ ಸೈ" ಅಂತಾರೆ, ಆಮೇಲೆ ರಾತ್ರಿ ಫೋನ್ ಮಾಡಿ ಅಳ್ತಾರೆ.

ರಿಪೇರಿ ಮಾಡಿಸಿ ಕೆಫೆಗೋ ಆಫೀಸಿಗೋ ಲೈಬ್ರರಿಗೋ ಬಾಡಿಗೆ ಕೊಡೋಣ ಅಂತ ನನ್ನ ಯೋಚನೆ. ಆದರೆ ಮಳೆಗಾಲದಲ್ಲಿ ಹಜಾರದ ಮೂಲೆ ಸೋರುತ್ತೆ, ಮೇಲಿಂದ ಪುಡಿ ಉದುರುತ್ತೆ. ನೋಡಿದ ಮೇಸ್ತ್ರಿ "ಎಲ್ಲಾ ಕಿತ್ತು ಕಾಂಕ್ರೀಟ್ ಮೋಲ್ಡ್ ಹಾಕಿಬಿಡಿ, ಐವತ್ತು ವರ್ಷ ಚಿಂತೆ ಇಲ್ಲ" ಅಂದರು. ಇನ್ನೊಂದು ಕಡೆ, ಪಾರಂಪರಿಕ ಕಟ್ಟಡದ ಪಟ್ಟಿಗೆ ಸೇರಿಸಿಬಿಟ್ಟರೆ ಒಂದು ಮೊಳೆ ಹೊಡೆಯೋಕೂ ಪರ್ಮಿಷನ್ ಬೇಕು ಅಂತ ಯಾರೋ ಚಿಕ್ಕಪ್ಪನ ತಲೆಗೆ ತುಂಬಿದ್ದಾರೆ. ದುಡ್ಡಿನ ವಿಷಯ ಬಿಡಿ, ಅದು ಇದ್ದದ್ದೇ.

ಮಾಡಿಸಿ ಅನುಭವ ಇರುವವರು ಯಾರಾದರೂ ಇದ್ದರೆ ಹೇಳಿ.

ಪಾರ್ಕಿಂಗ್ ಪರಮೇಶಿ

ಬಾಡಿಗೆ ಎಷ್ಟು ಅಂದುಕೊಂಡಿದ್ದೀರಾ? ನಮ್ಮ ಆಫೀಸಿಗೆ ಜಾಗ ಹುಡುಕ್ತಾ ಇದ್ದೇವೆ. ಕಾರ್ ಎಷ್ಟು ನಿಲ್ಲುತ್ತೆ?

ತೊಲೆ ಜಂತೆ

ಮೋಲ್ಡ್ ಹಾಕಿ ಅಂದ ಮೇಸ್ತ್ರಿ ತಾರಸಿ ಮೇಲೆ ಹತ್ತಿದ್ರಾ? ಅಥವಾ ಹಜಾರದಲ್ಲಿ ನಿಂತು ತಲೆ ಎತ್ತಿ ನೋಡಿ ಹೇಳಿದ್ರಾ? ಸುಮ್ನೆ ಕೇಳ್ತಿಲ್ಲ. ನಾನು ಸ್ಟ್ರಕ್ಚರಲ್ ಎಂಜಿನಿಯರ್. ಹಳೇ ಮನೆ ನೋಡೋಕೆ ಕರೆದಾಗ ಮೊದಲು ಏಣಿ ಕೇಳ್ತೀನಿ.

ಮದ್ರಾಸ್ ತಾರಸಿ ಹೇಗೆ ಕಟ್ಟಿದ್ದಾರೆ ಗೊತ್ತಿದ್ದರೆ ಅರ್ಧ ಭಯ ಹೋಗುತ್ತೆ. ಗೋಡೆಯಿಂದ ಗೋಡೆಗೆ ಮರದ ತೊಲೆ. ಅದರ ಮೇಲೆ ಅಡ್ಡಡ್ಡ ಜಂತೆ, ಅಂದರೆ ಸಣ್ಣ ಮರದ ಪಟ್ಟಿಗಳು. ಜಂತೆ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಕೂರಿಸಿದ್ದಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಕಲಸಿ ಹರಡಿ, ಮರದ ಹಲಗೆಯಲ್ಲಿ ದಿನಗಟ್ಟಲೆ ಬಡಿದಿದ್ದಾರೆ. ಕೊನೆಗೆ ಚಪ್ಪಟೆ ಹೆಂಚು. ಸಣ್ಣ ಬಿರುಕು ಬಿಟ್ಟರೂ ಇಡೀ ಚಾವಣಿ ಒಟ್ಟಿಗೆ ಕೂತುಬಿಡೋ ಥರದ್ದಲ್ಲ ಇದು. ತೊಲೆ ನಡುವೆ ಮುರಿಯೋದು ಅಪರೂಪ. ಗೋಡೆಯೊಳಗೆ ಹೋಗಿರೋ ತುದಿ ಕೊಳೆಯೋದು ಜಾಸ್ತಿ. ಅಲ್ಲಿ ಗಾಳಿ ಆಡಲ್ಲ, ಗೋಡೆಯ ತೇವ ಪೂರ್ತಿ ಅದಕ್ಕೇ. ಗೆದ್ದಲೂ ಅಲ್ಲಿಂದಲೇ ಶುರು ಮಾಡುತ್ತೆ.

ಹಾಗಾಗಿ ಒಂದು ಉದ್ದ ಸ್ಕ್ರೂಡ್ರೈವರ್ ತಗೊಳ್ಳಿ. ಪ್ರತಿ ತೊಲೆ ಗೋಡೆಗೆ ಸೇರೋ ಜಾಗದಲ್ಲಿ ಒತ್ತಿ. ಒಳ್ಳೆ ಮರ ಆದರೆ ತುದಿ ಜಾರುತ್ತೆ, ಒಳಗೆ ಹೋಗಲ್ಲ. ಕೊಳೆತಿದ್ದರೆ ಬೆಣ್ಣೆಗೆ ಚುಚ್ಚಿದ ಹಾಗೆ ಹೋಗುತ್ತೆ. ಆಮೇಲೆ ಹಿಡಿಯಿಂದ ತಟ್ಟಿ ಕೇಳಿ. ಗಟ್ಟಿ ಮರ ಕಣಕಣ ಅನ್ನುತ್ತೆ, ಕೆಟ್ಟದ್ದು ಕುಂಬಳಕಾಯಿ ತಟ್ಟಿದ ಹಾಗೆ ಬೊದ್ ಅನ್ನುತ್ತೆ. ತುದಿ ಮಾತ್ರ ಹೋಗಿದ್ದರೆ ಕೆಳಗೆ ಜಾಕಿ ಕೊಟ್ಟು, ಅಷ್ಟನ್ನೇ ಕತ್ತರಿಸಿ, ಎರಡೂ ಪಕ್ಕ ಸ್ಟೀಲ್ ಪ್ಲೇಟ್ ಇಟ್ಟು ಬೋಲ್ಟ್ ಹಾಕಿ ಕೂರಿಸಬಹುದು. ಹನ್ನೆರಡು ತೊಲೆಯಲ್ಲಿ ಎರಡು ಕೆಟ್ಟಿದೆ ಅಂತ ಹನ್ನೆರಡನ್ನೂ ಕೀಳಬೇಕಾಗಿಲ್ಲ.

ಇನ್ನೊಂದು ಪಾಪದ ಕೆಲಸ ಇದೆ, ಅದನ್ನು ಮಾತ್ರ ಮಾಡಿಸಬೇಡಿ. ಸೋರುತ್ತೆ ಅಂತ ಹಳೇ ತಾರಸಿ ಮೇಲೇ ಎರಡಿಂಚು ಸಿಮೆಂಟ್ ಕಾಂಕ್ರೀಟ್ ಎಳೆಯೋದು. ಎರಡಿಂಚು ಅಂದರೆ ಚದರ ಮೀಟರಿಗೆ ಹತ್ತಿರ ಹತ್ತಿರ 120 ಕೆಜಿ. 12 ಅಡಿಗೆ 15 ಅಡಿ ಕೋಣೆ ಮೇಲೆ 2 ಟನ್ ಹೊಸ ಭಾರ. ಎರಡು ಆನೆಮರಿ ಕೂರಿಸಿದ ಹಾಗೆ. ಅದರ ಮೇಲೆ ಒಂದು ಸಾವಿರ ಲೀಟರಿನ ಟ್ಯಾಂಕ್ ಬೇರೆ ಇಡ್ತಾರೆ, ಅದು ಇನ್ನೊಂದು ಟನ್.

ಅಂದಹಾಗೆ, ಲೈಬ್ರರಿ ಅಂದಿರಲ್ಲ. ಎಲ್ಲರಿಗೂ ಹಳೇ ಮನೆ ನೋಡಿದ ತಕ್ಷಣ ಲೈಬ್ರರಿ ನೆನಪಾಗುತ್ತೆ. ಮನೆಯ ಕೋಣೆಗೆ ನಮ್ಮ ಲೆಕ್ಕದ ಭಾರ ಚದರ ಮೀಟರಿಗೆ 200 ಕೆಜಿ. ಪುಸ್ತಕದ ಬೀರು ಸಾಲಾಗಿ ನಿಲ್ಲಿಸೋ ಕೋಣೆಗೆ 600 ಕೆಜಿ ಹಿಡಿಯಬೇಕು. ಮಹಡಿ ಮೇಲೆ ಪುಸ್ತಕ ಬೇಡವೇ ಬೇಡ. ಕೆಳಗೆ, ಮಣ್ಣಿನ ಮೇಲೆ ಕೂತಿರೋ ನೆಲದಲ್ಲಿ ಎಷ್ಟು ಬೇಕಾದರೂ ಇಡಿ.

ಗವಿಪುರದ ಮೊಮ್ಮಗ

ಸರ್, ತುಂಬಾ ಥ್ಯಾಂಕ್ಸ್. ಮೇಸ್ತ್ರಿ ಮೇಲೆ ಹತ್ತಲಿಲ್ಲ. ಮಂಡಿ ನೋವು ಅಂದರು.

ಕನಸು ಬೇಡ

ಬೇಜಾರು ಮಾಡಿಕೊಳ್ಳಬೇಡಿ, ನಾನು ಚಿಕ್ಕಪ್ಪನ ಕಡೆ. ಬಸವನಗುಡಿಯಲ್ಲಿ ಜಾಗದ ಬೆಲೆ ಏನು ಅಂತ ನಿಮಗೂ ಗೊತ್ತು. ಬಿಲ್ಡರ್ ಕಟ್ಟಿ ಮಾಲೀಕರಿಗೆ ಪಾಲು ಕೊಡೋ ಜಾಯಿಂಟ್ ಡೆವಲಪ್‌ಮೆಂಟ್‌ಗೆ ಕೊಟ್ಟರೆ ಮೂವರಿಗೂ ಒಂದೊಂದು ಫ್ಲ್ಯಾಟ್, ಮೇಲೆ ಕೈಗೆ ಕಾಸು. ರಿಪೇರಿಗೆ ಇವತ್ತು ದುಡ್ಡು ಸುರಿದು, ತಿಂಗಳ ಬಾಡಿಗೆಯಲ್ಲಿ ಅದನ್ನು ವಾಪಸ್ ತೆಗೆಯೋ ಹೊತ್ತಿಗೆ ನಿಮ್ಮಪ್ಪನಿಗೆ ಎಷ್ಟು ವಯಸ್ಸು? ಇಲ್ಲಿ ಪುಕ್ಕಟೆ ಸಲಹೆ ಕೊಡುವವರು ಯಾರೂ ನಿಮ್ಮ ತೊಲೆಗೆ ದುಡ್ಡು ಕೊಡಲ್ಲ. ಅತ್ತೆಯ ಪಾಲು ಅತ್ತೆಯ ಹಕ್ಕು, ಅದನ್ನೂ ಯೋಚನೆ ಮಾಡಿ.

ಮಲ್ಲೇಶ್ವರದ ಮನೆಯೊಡತಿ

ಮೇಲಿನವರ ಮಾತು ಕಹಿಯಾದರೂ ಸುಳ್ಳಲ್ಲ. ಆದರೂ ನಮ್ಮ ಮನೆ ಕಥೆ ಕೇಳಿ, ಆಮೇಲೆ ತೀರ್ಮಾನ ಮಾಡಿ.

ನಮ್ಮದು ಮಲ್ಲೇಶ್ವರದ ಹಳೇ ಮನೆ, ಕಿಟಕಿಗಳ ಮೇಲೆ ಮಂಕಿ ಟಾಪ್ ಇರೋದು. ಗೊತ್ತಿಲ್ಲದವರಿಗೆ: ಮರದ ಪಟ್ಟಿಗಳನ್ನು ಜೋಡಿಸಿ ಮಾಡಿದ ಚೂಪು ಟೋಪಿ, ಬಿಸಿಲು ಮಳೆ ಕಿಟಕಿಗೆ ಬಡಿಯದ ಹಾಗೆ. ಕೋತಿಗಳು ಅದರ ಮೇಲೆ ಕೂರ್ತಿದ್ದವು ಅಂತ ಆ ಹೆಸರಂತೆ. ನಮ್ಮ ಮನೆಯದರ ಮೇಲೆ ಕೂತದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ, ಹಪ್ಪಳ ಒಣಗಿಸೋಕೆ ಬಿಡ್ತಿರಲಿಲ್ಲ.

ಯಜಮಾನರು ತೀರಿಕೊಂಡ ಮೇಲೆ ಮನೆ ಒಂದು ರೆಸ್ಟೋರೆಂಟಿಗೆ ಕೊಟ್ಟೆ. ಹೆಸರು ಬೇಡ. "ಹೆರಿಟೇಜ್ ಲುಕ್ ನಮಗೆ ಪ್ರಾಣ ಮೇಡಂ" ಅಂದಿದ್ದರು. ಮೊದಲ ತಿಂಗಳೇ ಬೋರ್ಡ್ ಕಾಣಲ್ಲ ಅಂತ ಒಂದು ಮಂಕಿ ಟಾಪ್ ಅರ್ಧ ಕೊಯ್ದರು. ಸುಣ್ಣದ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬಳಿದರು. ಮಹಡಿ ಮೇಲೆ ಎರಡು ಟಾಯ್ಲೆಟ್ ಕಟ್ಟಿ, ಪೈಪನ್ನು ಗೋಡೆ ಒಡೆದು ಇಳಿಸಿದರು. ಮಾಡಿಗೆ ಫಾಲ್ಸ್ ಸೀಲಿಂಗ್. ಮೂರು ವರ್ಷ ಆದ ಮೇಲೆ ಬಿಟ್ಟು ಹೋದರು. ಸೀಲಿಂಗ್ ಬಿಚ್ಚಿಸಿದೆ ನೋಡಿ, ಪೈಪ್ ಜಿನುಗಿ ಜಿನುಗಿ ಒಂದು ತೊಲೆ ಪೂರ್ತಿ ಕಪ್ಪಗೆ, ನಾಯಿಕೊಡೆ ಎದ್ದಿತ್ತು. ಮೂರು ವರ್ಷವೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಸೀಲಿಂಗ್ ಮುಚ್ಚಿಟ್ಟಿತ್ತಲ್ಲ. ಪೇಂಟ್ ಬಳಿದ ಗೋಡೆ ಅಂಗೈಯಗಲ ಹಾಳೆ ಹಾಳೆಯಾಗಿ ಬಿಚ್ಚಿಕೊಂಡು ಬರ್ತಿತ್ತು, ಕೆಳಗೆ ಇಟ್ಟಿಗೆ ರವೆ ಥರ ಉದುರ್ತಿತ್ತು.

ಎರಡನೇ ಸಲ ಬುದ್ಧಿ ಬಂತು. ಕರಾರು ಪತ್ರಕ್ಕೆ ವಕೀಲರ ಹತ್ತಿರ ಒಂದು ಪುಟ ಜಾಸ್ತಿ ಬರೆಸಿದೆ. ಗೋಡೆಗೆ ಸುಣ್ಣ ಬಿಟ್ಟು ಬೇರೇನೂ ಬಳಿಯೋ ಹಾಗಿಲ್ಲ. ನೀರಿನ ಕೆಲಸ ಎಲ್ಲಾ ಹಿತ್ತಲಲ್ಲಿ. ಫಾಲ್ಸ್ ಸೀಲಿಂಗ್ ಇಲ್ಲ. ಡ್ರಿಲ್ ಮಾಡುವ ಮೊದಲು ನನಗೆ ಫೋಟೋ ಕಳಿಸಬೇಕು. ವರ್ಷಕ್ಕೆರಡು ಸಲ, ಮಳೆಗೆ ಮುಂಚೆ ಮತ್ತು ಮಳೆ ಆದ ಮೇಲೆ, ನಾನು ಬಂದು ತಾರಸಿ ಹತ್ತುತ್ತೇನೆ. ಇದನ್ನು ಓದಿ ನಾಲ್ಕು ಪಾರ್ಟಿ ಓಡಿಹೋದರು. ಐದನೆಯವರು ಒಂದು ಆಡಿಟರ್ ಆಫೀಸು, ಎಂಟು ಜನ. ಶನಿವಾರ ಭಾನುವಾರ ಹಜಾರದಲ್ಲಿ ವೀಣೆ ಪಾಠ. ರೆಸ್ಟೋರೆಂಟ್ ಕೊಡ್ತಿದ್ದ ಬಾಡಿಗೆಗಿಂತ ಕಮ್ಮಿ, ನಿಜ. ಆದರೆ ಅವರು ಬಿಟ್ಟುಹೋದ ಗಾಯಕ್ಕೆ ನಾನು ಹಾಕಿದ ದುಡ್ಡು ಕಳೆದರೆ ಲೆಕ್ಕ ಸಮ ಆಗುತ್ತೆ.

ಪಾರ್ಕಿಂಗ್ ಪರಮೇಶಿ

ಮೇಡಂ, ಆಡಿಟರ್ ಖಾಲಿ ಮಾಡಿದರೆ ಹೇಳಿ.

ಗಾರೆಯವರ ಮನೆ

ನಮ್ಮ ತಾತ, ಅಪ್ಪ ಇಬ್ಬರೂ ಗಾರೆ ಕೆಲಸದವರು. ನಾನು ಕಂಪ್ಯೂಟರ್ ಮುಂದೆ ಕೂರೋನು, ಆದರೂ ರಜೆಯಲ್ಲಿ ಅಪ್ಪನ ಜೊತೆ ಹೋಗಿ ಕೈ ಸುಟ್ಟುಕೊಂಡಿದ್ದೇನೆ. ನಿಜವಾಗಿಯೂ ಸುಟ್ಟುಕೊಂಡಿದ್ದೇನೆ, ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕೊತಕೊತ ಕುದಿಯುತ್ತೆ.

ಮಲ್ಲೇಶ್ವರದ ಮೇಡಂ ಹೇಳಿದ ರವೆ ಥರ ಉದುರೋ ಇಟ್ಟಿಗೆ, ಅದೇ ಇಡೀ ವಿಷಯದ ಬೇರು. ಹಳೇ ಗೋಡೆಯ ಇಟ್ಟಿಗೆ ಮೆತ್ತಗೆ, ಒಳಗಿನ ಗಾರೆಯೂ ಸುಣ್ಣದ್ದು. ಆ ಗೋಡೆ ನೆಲದಿಂದ ತೇವ ಎಳೆಯುತ್ತೆ, ಮಳೆಗೆ ನೆನೆಯುತ್ತೆ, ಬಿಸಿಲಿಗೆ ಹೊರಗೆ ಬಿಡುತ್ತೆ. ಸುಣ್ಣದ ಪದರ ಅದಕ್ಕೆ ಅಡ್ಡ ಬರಲ್ಲ. ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೆ ಬರಲ್ಲ ಅಂದುಕೊಳ್ತೀವಿ. ಎಲ್ಲಾದರೂ ಕೂದಲೆಳೆ ಬಿರುಕಿಂದ ಬಂದೇ ಬರುತ್ತೆ, ಬಂದಿದ್ದು ವಾಪಸ್ ಹೋಗಲ್ಲ. ಒಳಗೇ ಕೂತು ಉಪ್ಪು ಬಿಡುತ್ತೆ, ಇಟ್ಟಿಗೆ ತಿನ್ನುತ್ತೆ. ಸಿಮೆಂಟ್ ಮಾತ್ರ ಹೊಸದರ ಹಾಗೆ ಗಟ್ಟಿಯಾಗಿ ನಿಂತಿರುತ್ತೆ, ಹಿಂದೆ ಗೋಡೆ ಪುಡಿ.

ನಮ್ಮಪ್ಪ ಮಾಡುತ್ತಿದ್ದ ರೀತಿ: ಸುಣ್ಣ ನೆನೆಹಾಕಿ ಗುಂಡಿಯಲ್ಲಿ ವಾರಗಟ್ಟಲೆ ಬಿಡೋದು. ಹಳತಾದಷ್ಟೂ ಬೆಣ್ಣೆ. ಒಂದು ಪಾಲು ಸುಣ್ಣಕ್ಕೆ ಎರಡೂವರೆ ಮೂರು ಪಾಲು ಮರಳು ಮತ್ತು ಸುರ್ಕಿ. ಸುರ್ಕಿ ಅಂದರೆ ಇಟ್ಟಿಗೆ ಪುಡಿ. ಅಳಲೆಕಾಯಿ ಬೀಜ ತೆಗೆದು ಜಜ್ಜಿ ನೆನೆಸಿದ ನೀರು, ಬೆಲ್ಲದ ನೀರು. ತಾತನ ಕಾಲದಲ್ಲಿ ಎತ್ತು ಕಟ್ಟಿ ಗಾರೆ ಗಾಣದಲ್ಲಿ ಅರೀತಿದ್ದರಂತೆ. ಬೆಲ್ಲ ಹಾಕಿದ ಮೊದಲ ಎರಡು ದಿನ ಊರಿನ ಇರುವೆ ಎಲ್ಲಾ ನಿಮ್ಮ ಮನೆಗೇ. ಗಾಬರಿ ಆಗಬೇಡಿ, ಒಣಗಿದ ಮೇಲೆ ಹೋಗ್ತವೆ.

ಕಷ್ಟ ಏನು ಅಂದರೆ ಟೈಮು. ಸಿಮೆಂಟ್ ನಾಳೆಗೆ ಗಟ್ಟಿ. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ನಿಧಾನಕ್ಕೆ ಕಲ್ಲಾಗುತ್ತೆ. ತೆಳು ತೆಳುವಾಗಿ ಒಂದರ ಮೇಲೊಂದು ಎಳೆಯಬೇಕು, ನಡುನಡುವೆ ನೀರು ಚಿಮುಕಿಸಬೇಕು, ಚುರುಕು ಬಿಸಿಲು ತಾಗದ ಹಾಗೆ ಗೋಣಿಚೀಲ ಕಟ್ಟಬೇಕು. ಗೃಹಪ್ರವೇಶದ ದಿನ ಗೊತ್ತು ಮಾಡಿಕೊಂಡು ಬಂದವರಿಗೆ ಈ ಕೆಲಸ ಆಗಲ್ಲ.

ತೊಲೆ ಜಂತೆ

ಇದನ್ನು ಪ್ರಿಂಟ್ ತೆಗೆದು ನಮ್ಮ ಕಾಂಟ್ರಾಕ್ಟರಿಗೆ ಕೊಡ್ತೀನಿ ಗುರು.

ಖಾತೆ ಕಂದಾಯ

ಚಿಕ್ಕಪ್ಪನ ಭಯಕ್ಕೆ ಉತ್ತರ. "ಹೆರಿಟೇಜ್" ಅನ್ನೋ ಒಂದೇ ಪದದಲ್ಲಿ ಮೂರು ಬೇರೆ ಬೇರೆ ವಿಷಯ ಕಲಸಿಹೋಗಿದೆ.

ಸಂರಕ್ಷಿತ ಸ್ಮಾರಕ ಅಂದರೆ ಕೇಂದ್ರದ ಪುರಾತತ್ವ ಇಲಾಖೆಯದ್ದು, 1958ರ ಕಾಯ್ದೆ. ನಮ್ಮಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ, ಕೋಟೆಯ ಉಳಿದ ಭಾಗ ಇದಕ್ಕೆ ಸೇರುತ್ತೆ. ರಾಜ್ಯಕ್ಕೆ 1961ರ ಬೇರೆ ಕಾಯ್ದೆ ಇದೆ. ನಿಮ್ಮ ತಾತನ ಮನೆ ಇವೆರಡಕ್ಕೂ ಸಂಬಂಧ ಇಲ್ಲ. ಪರಂಪರೆ ಉಳಿಸೋಕೆ ಕೆಲಸ ಮಾಡುವ ಇಂಟ್ಯಾಕ್‌ನಂಥ ಸಂಸ್ಥೆಗಳು ಮಾಡುವ ಪಟ್ಟಿ ಇದೆ, ಅದರಲ್ಲಿ ಹೆಸರು ಬಂದರೆ ಹೆಮ್ಮೆ ಪಡಬಹುದು, ಆದರೆ ಆ ಪಟ್ಟಿಯೇ ಕಾನೂನಲ್ಲ. ಮೂರನೆಯದು ನಗರ ಯೋಜನೆಯ ಕಾನೂನು. ನಮ್ಮ ರಾಜ್ಯದ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ ಅಂದರೆ ಏನು ಅಂತ ವ್ಯಾಖ್ಯೆ ಇದೆ, ಅದರಡಿ ಅಧಿಕೃತವಾಗಿ ಗುರುತಿಸಿದರೆ ಮಾತ್ರ ಒಡೆಯೋಕೆ, ಮುಂಭಾಗ ಬದಲಿಸೋಕೆ ಕೇಳಬೇಕಾಗುತ್ತೆ. ಮೊಳೆ ಹೊಡೆಯೋಕೆ ಅಲ್ಲ.

ಮುಂಬಯಿಯವರು ಇಂಥ ನಿಯಮ 1995ರಲ್ಲೇ ತಂದರು. ಅಲ್ಲಿ ಒಂದು ಅನುಕೂಲವೂ ಇತ್ತು. ಮೇಲೆ ಕಟ್ಟಲು ಸಿಗಬೇಕಾದ ಹಕ್ಕನ್ನು ಬಿಟ್ಟುಕೊಟ್ಟ ಮಾಲೀಕರು ಅದನ್ನು ಬೇರೆ ಕಡೆ ಕಟ್ಟುವವರಿಗೆ ಮಾರಬಹುದು. ಉಳಿಸು ಅಂತ ಹೇಳಿ ಕೈ ಖಾಲಿ ಬಿಟ್ಟರೆ ಯಾರು ಉಳಿಸ್ತಾರೆ ಹೇಳಿ.

ನಿಮಗೆ ನಿಜವಾಗಿ ತೊಡಕಾಗೋದು ಬೇರೆ. ವಾಸದ ಮನೆಯನ್ನು ವ್ಯಾಪಾರಕ್ಕೆ ಕೊಡಬೇಕಾದರೆ ಆ ರಸ್ತೆಯ ವಲಯದಲ್ಲಿ ಅದಕ್ಕೆ ಅವಕಾಶ ಇದೆಯಾ ನೋಡಬೇಕು. ಆಮೇಲೆ ಟ್ರೇಡ್ ಲೈಸೆನ್ಸ್, ಕರೆಂಟಿನ ಕಮರ್ಷಿಯಲ್ ದರ, ಆಸ್ತಿ ತೆರಿಗೆಯ ಬೇರೆ ದರ. ಮತ್ತೆ ಖಾತೆ ಯಾರ ಹೆಸರಲ್ಲಿದೆ? ತಾತನ ಹೆಸರಲ್ಲೇ ಇದ್ದರೆ ತೊಲೆಗಿಂತ ಮೊದಲು ಅದನ್ನು ರಿಪೇರಿ ಮಾಡಿಸಿ.

ಗವಿಪುರದ ಮೊಮ್ಮಗ

ಅಜ್ಜಿ ಹೆಸರಲ್ಲಿದೆ. ಅಪ್ಪನಿಗೆ ಹೇಳಿದೆ, "ನೋಡೋಣ" ಅಂದರು. ಎರಡು ವರ್ಷದಿಂದ ನೋಡ್ತಾ ಇದ್ದಾರೆ.

ಕೋಟೆ ಬೀದಿ

ಪುರಾತತ್ವ ಇಲಾಖೆ ವಿಷಯ ಬಂತಲ್ಲ, ನಮ್ಮ ಪಾಡು ಕೇಳಿ. ನಮ್ಮ ಮನೆ ಟಿಪ್ಪು ಅರಮನೆಗೆ ಕೂಗಳತೆ. 2010ರ ತಿದ್ದುಪಡಿ ಆದ ಮೇಲೆ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್ ಕಟ್ಟೋಕೆ ಅನುಮತಿ ಬೇಕು. ನಮ್ಮ ಮನೆ ಪಾರಂಪರಿಕವೂ ಅಲ್ಲ, ಚೆಂದವೂ ಇಲ್ಲ, 80ರ ದಶಕದ ಡಬ್ಬಿ. ಆದರೂ ರಿಪೇರಿಗೆ ಅನುಮತಿ ಕೇಳಬೇಕು. ಅರಮನೆಯ ಪುಣ್ಯ ನಮಗೂ ಸ್ವಲ್ಪ ಹತ್ತಿದೆ.

ಲೀಡ್ಸ್ ಕನ್ನಡಿಗ

ಇಲ್ಲಿ ಇಂಗ್ಲೆಂಡಿನಲ್ಲಿ ಇದನ್ನೇ "ಲಿಸ್ಟೆಡ್ ಬಿಲ್ಡಿಂಗ್" ಅಂತಾರೆ. ಗ್ರೇಡ್ 1, ಗ್ರೇಡ್ 2 ಸ್ಟಾರ್, ಗ್ರೇಡ್ 2 ಅಂತ ಮೂರು ದರ್ಜೆ. ಒಪ್ಪಿಗೆ ಇಲ್ಲದೆ ಕಟ್ಟಡದ ಸ್ವರೂಪ ಕೆಡಿಸಿದರೆ ಅದು ಕ್ರಿಮಿನಲ್ ಅಪರಾಧ. ನಮ್ಮ ಸಹೋದ್ಯೋಗಿಯೊಬ್ಬರು ಗ್ರೇಡ್ 2 ಮನೆ ತಗೊಂಡು ಕಿಟಕಿಗೆ ಡಬಲ್ ಗಾಜು ಹಾಕಿಸೋಕೆ ಬಿಡಲಿಲ್ಲ ಅಂತ ಚಳಿಗಾಲ ಪೂರ್ತಿ ಶಾಪ ಹಾಕ್ತಾರೆ. ಕೊನೆಗೆ ಹಳೇ ಕಿಟಕಿ ಹಾಗೇ ಬಿಟ್ಟು, ಒಳಗಡೆ ಬಿಚ್ಚಿ ತೆಗೆಯೋ ಥರ ಎರಡನೇ ಗಾಜಿನ ಚೌಕಟ್ಟು ಹಾಕಿಸಿದರು.

ನಮ್ಮೂರಲ್ಲಿ ಕಾರ್ನ್ ಎಕ್ಸ್‌ಚೇಂಜ್ ಅಂತ ಒಂದು ದೊಡ್ಡ ಗುಮ್ಮಟದ ಕಟ್ಟಡ ಇದೆ. 1863ರಲ್ಲಿ ತೆರೆದದ್ದು, ಧಾನ್ಯದ ವ್ಯಾಪಾರಕ್ಕೆ. ಥೇಟ್ ನಮ್ಮ ಯಶವಂತಪುರ ಮಂಡಿಗೆ ಟೋಪಿ ಹಾಕಿದ ಹಾಗೆ. ಈಗ ಸುತ್ತಲಿನ ಚಿಕ್ಕ ಚಿಕ್ಕ ಕೋಣೆಗಳಲ್ಲಿ ಅಂಗಡಿಗಳು. ಗ್ರೇಡ್ 1 ಕಟ್ಟಡ. ನಾನು ಪ್ರತಿ ಸಲ ಹೋದಾಗಲೂ ಅನ್ನಿಸುತ್ತೆ, ಹಳೇ ವರ್ತಕರು ಕೂರ್ತಿದ್ದ ಕೋಣೆಯ ಅಳತೆಗೆ ಇವತ್ತಿನ ಅಂಗಡಿ ಸರಿಯಾಗಿ ಕೂತಿದೆ. ಗೋಡೆ ಒಡೆದು ಮಾಲ್ ಮಾಡೋಕೆ ಹೋಗಿಲ್ಲ.

ಹಾಗಂತ ಇಲ್ಲಿ ಎಲ್ಲಾ ಸರಿ ಇದೆ ಅಂದುಕೊಳ್ಳಬೇಡಿ. ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ. ಹಳೇ ಮನೆ ರಿಪೇರಿ ಮಾಡಿದರೆ ಸಾಮಾನ್ಯವಾಗಿ 20 ಪರ್ಸೆಂಟ್. ಒಂದು ಕೈಯಲ್ಲಿ ಉಳಿಸು ಅಂತಾರೆ, ಇನ್ನೊಂದು ಕೈಯಲ್ಲಿ ಜೇಬಿಗೆ ಕೈ ಹಾಕ್ತಾರೆ.

ಕನಸು ಬೇಡ

ನೋಡಿದ್ರಾ? ಇಂಗ್ಲೆಂಡಿನಲ್ಲೇ ಹೀಗೆ. ಇಲ್ಲಿ ಉದಾಹರಣೆ ಕೊಡಿ, ಬೆಂಗಳೂರಿನಲ್ಲಿ ಹಳೇ ಕಟ್ಟಡ ಹೊಸ ಕೆಲಸಕ್ಕೆ ಬಂದು ಚೆನ್ನಾಗಿ ನಡೀತಿರೋದು.

ಕಬ್ಬನ್ ಪಾರ್ಕ್ ವಾಕರ್

ಬೇಕಾದಷ್ಟಿವೆ. ನಾನು ದಿನಾ ಬೆಳಿಗ್ಗೆ ದಾಟೋ ಅಠಾರ ಕಚೇರಿಯೇ ಇದೆ. 1868ರಲ್ಲಿ ಮುಗಿದಾಗ ಸರ್ಕಾರದ ಹದಿನೆಂಟು ಇಲಾಖೆ ಅಲ್ಲಿ, ಹೆಸರೂ ಅದರಿಂದಲೇ. 1956ರಲ್ಲಿ ವಿಧಾನಸೌಧ ಆದ ಮೇಲೆ ಕಚೇರಿಗಳು ರಸ್ತೆ ದಾಟಿದವು, ಕಟ್ಟಡ ಹೈಕೋರ್ಟಿನದಾಯಿತು. 80ರ ದಶಕದಲ್ಲಿ ಅದನ್ನು ಕೆಡವೋ ಮಾತು ಬಂದಿತ್ತು. ಜನ ಕೋರ್ಟಿಗೆ ಹೋಗಿ ಉಳಿಸಿಕೊಂಡರು. ಆ ಕೆಂಪು ಕಟ್ಟಡ ಇಲ್ಲದ ಕಬ್ಬನ್ ಪಾರ್ಕ್ ಊಹಿಸಿಕೊಳ್ಳಿ ನೋಡೋಣ.

ಹಳೇ ಸೆಂಟ್ರಲ್ ಜೈಲು ಇವತ್ತು ಫ್ರೀಡಂ ಪಾರ್ಕ್. ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ 2008ರಲ್ಲಿ ತೆರೆದರು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಜೈಲು, ಈಗ ಪ್ರತಿಭಟನೆ ಮಾಡುವವರ ಜಾಗ. ಇದಕ್ಕಿಂತ ಒಳ್ಳೆ ಮರುಬಳಕೆ ಇದೆಯಾ!

ಆದರೆ ಎಲ್ಲಕ್ಕಿಂತ ನನಗೆ ಇಷ್ಟ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್. 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಹೋಗಿ ನೋಡಿ. ಹಳೇ ಬಂಗಲೆಯ ಹೊಟ್ಟೆ ಸೀಳಿ ದೊಡ್ಡ ಹಾಲ್ ಮಾಡಲಿಲ್ಲ. ಹೊಸ ಗ್ಯಾಲರಿಯನ್ನು ಹಿಂದೆ ಬೇರೆಯೇ ಕಟ್ಟಿ, ಗಾಜಿನ ಹಾದಿಯಲ್ಲಿ ಜೋಡಿಸಿದ್ದಾರೆ. ಮುಂದೆ ನಿಂತರೆ ಹಳೇ ಮನೆ ಹಾಗೇ ಇದೆ, ಮರಗಳೂ ಹಾಗೇ ಇವೆ.

ಕನಸು ಬೇಡ

ಮೂರೂ ಸರ್ಕಾರದ್ದು. ಎಕರೆಗಟ್ಟಲೆ ಕಾಂಪೌಂಡು. ಮೂರು ಜನ ಪಾಲುದಾರರು ಇರೋ ಸೈಟಿಗೆ ಇದನ್ನು ಹೋಲಿಸಬೇಡಿ ಸ್ವಾಮಿ.

ತೊಲೆ ಜಂತೆ

ಅವರ ಮಾತು ನ್ಯಾಯವಾಗಿದೆ. ಆದರೆ ಆ ಗ್ಯಾಲರಿಯ ಉಪಾಯ ಚಿಕ್ಕ ಸೈಟಿಗೂ ಒಗ್ಗುತ್ತೆ. ನೀರು, ಬೆಂಕಿ, ಭಾರ ಮೂರನ್ನೂ ಹಳೇ ಮನೆಯಿಂದ ಹೊರಗಿಡಿ. ಹಿತ್ತಲಲ್ಲಿ ಚಿಕ್ಕದಾಗಿ ಹೊಸ ಷೆಡ್, ಅದರಲ್ಲಿ ಟಾಯ್ಲೆಟ್, ಅಡುಗೆ, ಅದರ ಮೇಲೇ ನೀರಿನ ಟ್ಯಾಂಕು, ಎಸಿಯ ಹೊರಗಿನ ಡಬ್ಬ. ವೈರಿಂಗ್ ಗೋಡೆ ಕೊರೆದು ಹಾಕಬೇಡಿ. ಹಿಂದೆ ಮರದ ಪಟ್ಟಿ ಮೇಲೆ ವೈರ್ ಎಳೀತಿದ್ದರಲ್ಲ, ಅದೇ ದಾರಿಯಲ್ಲಿ ಪೈಪ್ ಹೊರಗೇ ಓಡಿಸಿ, ಅರ್ಥಿಂಗ್ ಮಾತ್ರ ಹೊಸದಾಗಿ ಮಾಡಿಸಿ. ಜಗಲಿ ಮೆಟ್ಟಿಲಿಗೆ ರ‍್ಯಾಂಪ್ ಬೇಕಾದರೆ ಎತ್ತಿಡುವ ಸ್ಟೀಲಿನದು. ನಾಳೆ ಬಾಡಿಗೆಯವರು ಹೋದಾಗ ಎಲ್ಲಾ ಬಿಚ್ಚಿದರೆ 1936 ವಾಪಸ್ ಕಾಣಬೇಕು.

ಮರದ ಚಾವಣಿ ಕೆಳಗೆ ಎಣ್ಣೆ ಹೊಗೆಯ ಅಡುಗೆಮನೆ ಮಾತ್ರ ಬೇಡ. ಇದರಲ್ಲಿ ನನ್ನ ಹತ್ತಿರ ಚೌಕಾಸಿ ಇಲ್ಲ.

ಒಂಟಿಕೊಪ್ಪಲ್

ಮೈಸೂರಿನಿಂದ ಒಂದು ಮಾತು. ಇಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ಕು ಜನ ಹೋದರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಮೇಲೆ ಉಳಿಸೋದಾ ಕೆಡವೋದಾ ಅಂತ ವರ್ಷಗಟ್ಟಲೆ ಜಗ್ಗಾಟ. ನಿಮ್ಮ ಲಾಲ್‌ಬಾಗಿನ ಕ್ರುಂಬಿಗಲ್ ಹಾಲ್ ಕೂಡ ಶಿಥಿಲವಾಗಿ, 2017ರ ನವೆಂಬರಿನಲ್ಲಿ ಇಲ್ಲವೇ ಆಯಿತಲ್ಲ.  ನಿಮ್ಮ ಮನೆಗೆ ಬೀಗ ಹಾಕಿ ಎರಡು ವರ್ಷ ಅಂದಿರಿ. ಒಡೆಯೋದಾದರೆ ಒಡೆಯಿರಿ, ಉಳಿಸೋದಾದರೆ ಉಳಿಸಿ, ಈ ಮಳೆಗಾಲಕ್ಕೆ ಮುಂಚೆ ಸೋರೋದನ್ನಾದರೂ ನಿಲ್ಲಿಸಿ. ಮತ್ತೆ ಅತ್ತೆ ಮೈಸೂರಲ್ಲಿ ಎಲ್ಲಿ?

ಹಿತ್ತಲ ಬಾವಿ

ಯಾರೂ ಬಾವಿ ಕೇಳಲಿಲ್ಲ. 1936ರ ಬಸವನಗುಡಿ ಮನೆ ಅಂದರೆ ಹಿಂದೆ ಬಾವಿ ಇದ್ದೇ ಇರಬೇಕು. ಕಸ ತುಂಬಿ ಮುಚ್ಚಿದ್ದರೆ ಬಾವಿ ತೋಡುವ ಮಣ್ಣು ಒಡ್ಡರನ್ನು ಕರೆಸಿ ತೆಗೆಸಿ. 60×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೇ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ ಅಲ್ವಾ, ಹೆಂಚಿನ ಮಾಡಿನ ನೀರನ್ನು ಸೋಸಿ ಬಾವಿಗೇ ಬಿಡಿ. ಮುಖ್ಯವಾಗಿ ಗೋಡೆ ಬುಡದಲ್ಲಿ ನೀರು ನಿಲ್ಲೋದು ತಪ್ಪುತ್ತೆ.

ಗವಿಪುರದ ಮೊಮ್ಮಗ

ಭಾನುವಾರ ಹೋಗಿ ಬಂದೆ. ಏಣಿ, ಟಾರ್ಚು, ಸ್ಕ್ರೂಡ್ರೈವರ್. ಚಿಕ್ಕಪ್ಪನನ್ನೂ ಕರೆದುಕೊಂಡು ಹೋಗಿದ್ದೆ, ಬರಲ್ಲ ಅಂದವರು ಕೊನೇ ಗಳಿಗೆಯಲ್ಲಿ ಪ್ಯಾಂಟ್ ಹಾಕಿಕೊಂಡು ಬಂದರು.

ತಾರಸಿ ಮೇಲೆ ಹತ್ತಿದರೆ ಹಜಾರದ ಮೂಲೆಗೆ ಸರಿಯಾಗಿ ಮೇಲೆ ನೀರು ಹೋಗೋ ತೂತು ಕಟ್ಟಿಕೊಂಡಿತ್ತು. ಎಲೆ, ಮಣ್ಣು, ಅದರಲ್ಲಿ ಒಂದು ಗೇಣುದ್ದ ಅರಳಿ ಸಸಿ. ಕೈ ಹಾಕಿ ಎಳೆದರೆ ಒಳಗಿಂದ ಒಂದು ಪ್ಲಾಸ್ಟಿಕ್ ಶಟಲ್ ಕಾಕ್ ಬಂತು. ಚಿಕ್ಕಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ನಮ್ಮ ಹುಡುಗನದು ಕಣೋ, ಅವನು ಎಂಟನೇ ಕ್ಲಾಸು" ಅಂದರು. ಅವರ ಮಗನಿಗೆ ಈಗ ಇಬ್ಬರು ಮಕ್ಕಳು. ಅಷ್ಟು ವರ್ಷದಿಂದ ಮಳೆ ನೀರು ಅಲ್ಲಿ ನಿಂತು ನಿಂತು ಇಳೀತಾ ಇತ್ತು.

ಕೆಳಗೆ ಬಂದು ತೊಲೆ ತಟ್ಟಿದೆವು. ಹಜಾರದಲ್ಲಿ ಒಂಬತ್ತು. ಏಳು ಕಣಕಣ. ಆ ಮೂಲೆಯ ಎರಡಕ್ಕೆ ಸ್ಕ್ರೂಡ್ರೈವರ್ ಎರಡಿಂಚು ಸಲೀಸಾಗಿ ಹೋಯಿತು. ಏಣಿ ಮೇಲೆ ನನಗಿಂತ ಜಾಸ್ತಿ ಹೊತ್ತು ಚಿಕ್ಕಪ್ಪನೇ ಇದ್ದರು. ತೊಲೆ ಮೇಲೆ ಅವರ ತೊಟ್ಟಿಲು ಕಟ್ಟಿದ ಕಬ್ಬಿಣದ ಬಳೆ ಇನ್ನೂ ಇದೆ.

ಮಾತುಕತೆ ಆಯಿತು. ಬಿಲ್ಡರಿಗೆ ಇಲ್ಲ ಅಂದಿಲ್ಲ, ಒಂದು ವರ್ಷ ಆಮೇಲೆ ಬನ್ನಿ ಅಂದಿದ್ದಾರೆ. ಅಷ್ಟರಲ್ಲಿ ಎರಡು ತೊಲೆ ತುದಿ, ಆ ಮೂಲೆಯ ತಾರಸಿ, ಮುಂದಿನ ಗೋಡೆಯ ಸಿಮೆಂಟ್ ಕಿತ್ತು ಸುಣ್ಣ, ಇಷ್ಟು ಮಾತ್ರ. ಖರ್ಚು ಮೂವರ ಮೇಲೂ. ಅತ್ತೆ ತಮ್ಮ ಪಾಲು ಅವತ್ತೇ ಕಳಿಸಿದರು. ಖಾತೆಗೆ ಅಪ್ಪ ಅರ್ಜಿ ಹಾಕಿದ್ದಾರೆ, ಇದು ನಿಜಕ್ಕೂ ದೊಡ್ಡ ಸುದ್ದಿ. ಬಾಡಿಗೆಗೆ ಕೆಫೆ ಕೈಬಿಟ್ಟೆವು. ಕೆಳಗೆ ಆಫೀಸು ಯಾರಾದರೂ ಹತ್ತು ಜನರ ಒಳಗೆ ಇದ್ದರೆ ನೋಡೋಣ. ಬಾವಿ ಇದೆ, ಮೇಲೆ ಕಡಪ ಕಲ್ಲು ಮುಚ್ಚಿ ತುಳಸಿಕಟ್ಟೆ ಇಟ್ಟಿದ್ದಾರೆ. ಅದನ್ನು ಎತ್ತೋಕೆ ಅತ್ತೆ ಬರಬೇಕಂತೆ.

ಗಾರೆಯವರ ಮನೆ ಅಣ್ಣ, ಅಳಲೆಕಾಯಿ ಮೂಟೆ ಲೆಕ್ಕದಲ್ಲಿ ಎಲ್ಲಿ ಸಿಗುತ್ತೆ? ನಮ್ಮ ಬೀದಿ ಅಂಗಡಿಯಲ್ಲಿ ಕೇಳಿದರೆ ನೂರು ಗ್ರಾಂ ಪ್ಯಾಕೆಟ್ ಕೊಟ್ಟು "ಹೊಟ್ಟೆ ಸರಿ ಇಲ್ವಾ?" ಅಂದರು.

ಗಾರೆಯವರ ಮನೆ

ಹಹ. ಪೇಟೆ ಕಡೆ, ಅವೆನ್ಯೂ ರಸ್ತೆಯ ಅಕ್ಕಪಕ್ಕದ ಗ್ರಂಧಿಗೆ ಅಂಗಡಿಗಳಲ್ಲಿ ಕೇಳಿ. ಬೀಜ ತೆಗೆದದ್ದೇ ಬೇಕು ಅನ್ನಿ, ಇಲ್ಲಾಂದ್ರೆ ಅರ್ಧ ತೂಕ ಬೀಜಕ್ಕೇ ಹೋಗುತ್ತೆ. ಬೆಲ್ಲಕ್ಕೆ ಒಳ್ಳೆದು ಬೇಡ, ಕಪ್ಪಗೆ ಕರಗಿದ್ದು ಅಗ್ಗಕ್ಕೆ ಸಿಗುತ್ತಲ್ಲ, ಅದು ಸಾಕು. ಅಪ್ಪನಿಗೆ ಹೇಳಿದೆ. ಮಂಡಿ ಅವರಿಗೂ ನೋವೇ, ಆದರೆ ತಾರಸಿ ಹತ್ತುತ್ತಾರೆ. ಮುಂದಿನ ಭಾನುವಾರ ಬರ್ತೀವಿ, ಏಣಿ ತೆಗೆದಿಡಬೇಡಿ.

ಪಾರ್ಕಿಂಗ್ ಪರಮೇಶಿ

ನಾವು ಒಂಬತ್ತೇ ಜನ. ಕಾರು ಮೂರು. ಎರಡು ಅಂತಲೂ ಮಾಡಬಹುದು.